ಕುಟುಂಬಕ್ಕೆ ವ್ಯಾನ್ ಕೊಳ್ಳುವ ಮುನ್ನ ಅದರ ವರ್ಗವನ್ನು ತಿಳಿಯುವುದು ಹೇಗೆ?

ಒಂದು ವ್ಯಾನ್ ಎಷ್ಟು ಸುರಕ್ಷಿತ ಎಂದು ವಿಚಾರಿಸುವ ಮೊದಲು, ಕಾನೂನು ಅದನ್ನು ಏನೆಂದು ಕರೆಯುತ್ತದೆ ಎಂಬುದನ್ನು ತಿಳಿಯಬೇಕು. ಕಾರು, ಸಣ್ಣ ಬಸ್ಸು, ಸರಕು ವಾಹನ ಎಂಬ ವರ್ಗಗಳಲ್ಲಿ ಅದು ಯಾವುದಕ್ಕೆ ಸೇರಿದೆಯೋ ಅದಕ್ಕೆ ತಕ್ಕ ಪರೀಕ್ಷೆಗಳನ್ನಷ್ಟೇ ಅದು ಕಡ್ಡಾಯವಾಗಿ ದಾಟಿರುತ್ತದೆ. ನೋಡಲು ಒಂದೇ ತೆರನಾದ ಎರಡು ವ್ಯಾನ್‌ಗಳ ನಡುವೆ ಇಲ್ಲಿಯೇ ದೊಡ್ಡ ಅಂತರವಿರಬಹುದು.

ಮೊದಲು ದಾಖಲೆಗಳಲ್ಲಿ ವರ್ಗ, ಸೀಟುಗಳ ಸಂಖ್ಯೆ, ಒಟ್ಟು ತೂಕ ಮತ್ತು ತಯಾರಾದ ವರ್ಷವನ್ನು ನೋಡಿಕೊಳ್ಳಿ. ವಿಶ್ವಸಂಸ್ಥೆಯ ವಾಹನ ನಿಯಮಗಳ ಪ್ರಕಾರ ಚಾಲಕನ ಸೀಟನ್ನು ಬಿಟ್ಟು ಎಂಟು ಸೀಟುಗಳವರೆಗಿನ ಪ್ರಯಾಣಿಕ ವಾಹನ ಎಂ1, ಸೀಟುಗಳು ಅದಕ್ಕೂ ಹೆಚ್ಚಿದ್ದು ತೂಕ 5 ಟನ್ ಮೀರದಿದ್ದರೆ ಎಂ2, 3.5 ಟನ್ ಮೀರದ ಸರಕು ವಾಹನ ಎನ್1. ಹೀಗಾಗಿ ಒಂದೇ ಒಂದು ಹೆಚ್ಚುವರಿ ಸೀಟು ವಾಹನದ ವರ್ಗವನ್ನೇ ಬದಲಿಸುತ್ತದೆ. ಎಂ1 ವಾಹನದಲ್ಲಿ ಮೂರು ಬಿಂದುಗಳ ಸೀಟ್ ಬೆಲ್ಟ್ ಬಿಗಿಯುವ ಜಾಗವನ್ನು ಸುಮಾರು 13,500 ನ್ಯೂಟನ್ ಬಲದಿಂದ ಎಳೆದು ಪರೀಕ್ಷಿಸಿದರೆ, ಎಂ2 ವಾಹನದಲ್ಲಿ ಆ ಬಲ ಅದರ ಅರ್ಧ ಮಾತ್ರ. ಗಂಟೆಗೆ 56 ಕಿಲೋಮೀಟರ್ ವೇಗದಲ್ಲಿ ಮುಂಭಾಗದ ಒಂದು ಪಾರ್ಶ್ವವನ್ನು ತಡೆಗೋಡೆಗೆ ಗುದ್ದಿಸುವ ಪರೀಕ್ಷೆಯೂ ಎಂ2ಗೆ ಅನ್ವಯಿಸುವುದಿಲ್ಲ. ಮನೆಯವರು ಎಂಟು ಮಂದಿಯೊಳಗೇ ಇದ್ದರೆ, ಎಂದೋ ಬರುವ ನೆಂಟರಿಗಾಗಿ ದೊಡ್ಡ ವರ್ಗದ ವ್ಯಾನ್ ಆರಿಸುವುದು ನನ್ನ ದೃಷ್ಟಿಯಲ್ಲಿ ಸರಿಯಾದ ನಿರ್ಧಾರವಲ್ಲ.

ಸರಕು ವ್ಯಾನ್‌ಗೆ ಆಮೇಲೆ ಸೀಟು ಜೋಡಿಸಿದ್ದರೆ ಇನ್ನಷ್ಟು ಎಚ್ಚರ ಬೇಕು. ಹಿಂಬದಿಯ ನೆಲವನ್ನು ಸರಕಿನ ಭಾರಕ್ಕೆಂದು ರೂಪಿಸಿರುತ್ತಾರೆಯೇ ಹೊರತು ಡಿಕ್ಕಿಯ ಹೊತ್ತಿಗೆ ಬೆಲ್ಟಿನ ಎಳೆತವನ್ನು ತಡೆಯಲೆಂದಲ್ಲ. ಮಾರ್ಪಾಡಿಗೆ ಅನುಮೋದನೆ ಪತ್ರವಿಲ್ಲದಿದ್ದರೆ, ಎಷ್ಟೇ ಅಂದವಾಗಿ ಕೂರಿಸಿದ್ದರೂ, ಆ ಸೀಟಿನಲ್ಲಿ ಮಕ್ಕಳನ್ನು ಕೂರಿಸಬೇಡಿ.

ಅಮೆರಿಕದ ವ್ಯಾನ್ ಆಗಿದ್ದರೆ ಚಾಲಕನ ಬಾಗಿಲಿನ ಚೌಕಟ್ಟಿನ ಬಳಿಯ ಲೇಬಲ್ ಓದಿ; ತಯಾರಾದ ತಿಂಗಳು, ವರ್ಷ, ಗರಿಷ್ಠ ತೂಕ, ವಾಹನದ ಬಗೆ ಎಲ್ಲವೂ ಅಲ್ಲಿರುತ್ತವೆ. ಆ ದೇಶದಲ್ಲಿ ಮಿನಿವ್ಯಾನ್‌ಗಳನ್ನು ಬಹುಕಾಲದಿಂದ ಕಾರುಗಳ ಜೊತೆಗಲ್ಲದೆ ಬಹುಉದ್ದೇಶದ ಪ್ರಯಾಣಿಕ ವಾಹನಗಳೆಂದು ಎಣಿಸಲಾಗಿದೆ. ಇದರಿಂದಾಗಿ ಹಿಂಬದಿಯ ಗಾಜಿನ ಬಳಿಯ ಮೂರನೆಯ ಬ್ರೇಕ್ ದೀಪ 1986ರ ಮಾದರಿಯ ಕಾರುಗಳಿಗೆ ಕಡ್ಡಾಯವಾದರೂ ವ್ಯಾನ್‌ಗಳಿಗೆ ಕಡ್ಡಾಯವಾದದ್ದು 1994ರ ಮಾದರಿಯಿಂದ. ಹಿಂದಿನಿಂದ ಬರುವ ಚಾಲಕನಿಗೆ ಎರಡರಲ್ಲೂ ಅಪಾಯ ಒಂದೇ ಆಗಿದ್ದರೂ ನಿಯಮ ಎಂಟು ವರ್ಷ ತಡವಾಯಿತು. ಈಗ ಇಂಥ ಅಂತರಗಳು ಬಹುಮಟ್ಟಿಗೆ ಮುಚ್ಚಿವೆ, ಆದರೆ ಹಳೆಯ ವ್ಯಾನ್ ಕೊಳ್ಳುವವರು ವರ್ಷವನ್ನು ವರ್ಗದ ಜೊತೆಗಿಟ್ಟೇ ನೋಡಬೇಕು.

ತೂಕದ ಗೆರೆಯೂ ಮುಖ್ಯ. ಅಮೆರಿಕದಲ್ಲಿ 2009ರಲ್ಲಿ ಪರಿಷ್ಕರಿಸಿದ ನಿಯಮದಂತೆ ಗರಿಷ್ಠ ತೂಕ 2,722 ಕಿಲೋ ಮೀರದ ವಾಹನದ ಮೇಲ್ಛಾವಣಿ ತನ್ನ ಖಾಲಿ ತೂಕದ ಮೂರು ಪಟ್ಟು ಬಲವನ್ನು ತಾಳಬೇಕು. ಅದಕ್ಕಿಂತ ಭಾರದ್ದಕ್ಕೆ, 4,536 ಕಿಲೋವರೆಗೆ, ಒಂದೂವರೆ ಪಟ್ಟು ಸಾಕು.

ವರ್ಗ ತಿಳಿಸುವುದು ಕನಿಷ್ಠ ಮಟ್ಟವನ್ನು ಮಾತ್ರ. ತಯಾರಕರು ಅದನ್ನು ಮೀರಿಯೂ ಹೋಗಿರಬಹುದು. ಆದ್ದರಿಂದ ಡಿಕ್ಕಿ ಪರೀಕ್ಷೆಯ ಸ್ಟಾರ್ ರೇಟಿಂಗ್ ನೀವು ಕೊಳ್ಳುವ ಅದೇ ವರ್ಷದ, ಅದೇ ಮಾದರಿಯದ್ದೇ ಎಂದು ಖಚಿತಪಡಿಸಿಕೊಳ್ಳಿ. ಕೊನೆಗೆ ಹಿಂದಿನ ಸಾಲಿನಲ್ಲಿ ನೀವೇ ಕುಳಿತು, ಪ್ರತಿ ಸೀಟಿಗೂ ಭುಜದ ಪಟ್ಟಿ, ಹೆಡ್‌ರೆಸ್ಟ್ ಮತ್ತು ಅಗತ್ಯವಿದ್ದಲ್ಲಿ ಮಗುವಿನ ಸೀಟು ಬಿಗಿಯುವ ಕೊಂಡಿ ಇವೆಯೇ ಎಂದು ಕೈಯಿಂದ ಎಳೆದು ನೋಡಿ.