ಗೋಡೆಗೆ ಕೌದಿ ಇಳಿಬಿಟ್ಟ ಮೇಲೆ

"ಟೀಚರ್, ನೀವು ಚೆನ್ನಾಗಿ ಕಾಣಿಸುತ್ತೀರಿ. ಮಾತು ಮಾತ್ರ ಬಾವಿಯೊಳಗಿನಿಂದ ಬಂದ ಹಾಗೆ ಕೇಳಿಸುತ್ತದೆ" ಎಂದು ಹತ್ತನೇ ತರಗತಿಯ ಹುಡುಗಿಯೊಬ್ಬಳು ಹೇಳಿದಾಗ ಬಹಳ ಬೇಸರವಾಯಿತು. ತ್ರಿಕೋನಮಿತಿಯ ಆ ವಿಡಿಯೊ ಪಾಠವನ್ನು ಮನೆಯಲ್ಲಿ, ಮೊಬೈಲಿನಲ್ಲಿ ನಾಲ್ಕು ಸಲ ಚಿತ್ರೀಕರಿಸಿದ್ದೆ.

ಕೊರತೆ ಮೊಬೈಲಿನದಲ್ಲ, ಕೋಣೆಯದು. ಕಲಬುರಗಿಯ ನಮ್ಮ ಮನೆಯ ನೆಲಕ್ಕೆ ಶಹಾಬಾದ್ ಕಲ್ಲು, ಗೋಡೆಗಳು ಬೋಳು. ಆಡಿದ ಮಾತು ಅವಕ್ಕೆ ಬಡಿದು ಮತ್ತೆ ಮೈಕಿಗೇ ಬರುತ್ತಿತ್ತು. ಪೆಟ್ಟಿಗೆಯಿಂದ ಅವ್ವ ಹೊಲಿದ ಎರಡು ಕೌದಿ ತೆಗೆದೆ. ಹಳೆಯ ಸೀರೆ, ಧೋತರಗಳ ಐದಾರು ಪದರ, ಬೆರಳಗಲಕ್ಕೊಂದು ಹೊಲಿಗೆ. ಎತ್ತಿದರೆ ಕೈ ಜಗ್ಗುವಷ್ಟು ಭಾರ. ಒಂದನ್ನು ಮೊಬೈಲಿನ ಹಿಂದಿನ ಗೋಡೆಗೆ, ಇನ್ನೊಂದನ್ನು ಪಕ್ಕದ ಗೋಡೆಗೆ ಇಳಿಬಿಟ್ಟು, ನೆಲಕ್ಕೆ ಜಮಖಾನ ಹಾಸಿದೆ. ನಡುವೆ ನಿಂತು ಚಪ್ಪಾಳೆ ತಟ್ಟಿದೆ. ಮೊದಲೆಲ್ಲ ಝಣ್ಣೆಂದು ಉಳಿಯುತ್ತಿದ್ದ ಸದ್ದು ಅಲ್ಲಿಯೇ ಅಡಗಿತು. ಪ್ರತಿ ಚಿತ್ರೀಕರಣಕ್ಕೂ ಮೊದಲು ಈಗಲೂ ಹೀಗೆಯೇ ಪರೀಕ್ಷಿಸುತ್ತೇನೆ.

ಕಾಲರ್ ಮೈಕನ್ನು ಗದ್ದದಿಂದ ಒಂದು ಗೇಣು ಕೆಳಗೆ ಸಿಕ್ಕಿಸಿಕೊಳ್ಳುತ್ತೇನೆ. ಸೆರಗು ಅದಕ್ಕೆ ಉಜ್ಜಿದರೆ ಕರಕರ ಸದ್ದು, ಆದ್ದರಿಂದ ಸೆರಗಿಗೆ ಪಿನ್ನು ಕಡ್ಡಾಯ. ಫ್ಯಾನನ್ನೂ ಆರಿಸಲೇಬೇಕು. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಅದು ಸಣ್ಣ ಮಾತಲ್ಲ. ಹೀಗಾಗಿ ಬೆಳಿಗ್ಗೆ ಆರೂವರೆಗೇ, ಅಕ್ಕಪಕ್ಕದ ನೀರಿನ ಮೋಟರುಗಳು ಶುರುವಾಗುವ ಮುನ್ನ ಕೂರುತ್ತೇನೆ.

ಬೆಳಕಿಗೆ ಕಿಟಕಿಯೇ ಸಾಕು, ಆದರೆ ಅದು ಬೆನ್ನಿಗಲ್ಲ, ಮುಖಕ್ಕೆ ಎದುರಾಗಿರಬೇಕು. ಬಿಸಿಲು ನೇರ ಬಿದ್ದರೆ ಬಿಳಿ ಪಂಚೆ ಅಡ್ಡ ಕಟ್ಟುತ್ತೇನೆ. ಆಗ ಟ್ಯೂಬ್‌ಲೈಟ್ ಹಚ್ಚುವುದಿಲ್ಲ. ಎರಡು ಬಗೆಯ ಬೆಳಕು ಬೆರೆತರೆ ಒಂದೊಂದು ಕೆನ್ನೆಗೆ ಒಂದೊಂದು ಬಣ್ಣ. ಸಂಜೆ ಅದನ್ನು ಹಚ್ಚಲೇಬೇಕಾದಾಗ ತೆರೆಯ ಮೇಲೆ ಪಟ್ಟಿಗಳು ಓಡುತ್ತಿದ್ದವು. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದು, ಹಳೆಯ ಚೋಕಿನ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಬಾರಿ ಮಿನುಗುತ್ತದೆ. ಕ್ಯಾಮೆರಾದ ಶಟರನ್ನು, ಅಂದರೆ ಒಂದೊಂದು ಚಿತ್ರಕ್ಕೆ ಬೆಳಕು ಒಳಬಿಡುವ ಹೊತ್ತನ್ನು, ಸೆಕೆಂಡಿನ 1/50ಕ್ಕೆ ಇಟ್ಟ ಮೇಲೆ ಪ್ರತಿ ಚಿತ್ರಕ್ಕೂ ಸರಿಯಾಗಿ ಎರಡು ಮಿನುಗು ಸಿಕ್ಕು ಪಟ್ಟಿಗಳು ಹೋದವು.

ಮೊಬೈಲಿನ ಹಿಂಬದಿಯ ಕ್ಯಾಮೆರಾದಲ್ಲಿಯೇ ಚಿತ್ರೀಕರಿಸುತ್ತೇನೆ, ಅದರ ಚಿತ್ರ ಹೆಚ್ಚು ಸ್ಪಷ್ಟ. ಆದರೆ ಎದುರು ಕೂತರೆ ತೆರೆ ನನಗೆ ಕಾಣದು. ಆದ್ದರಿಂದ ಮೊದಲು ಮಗಳನ್ನು ನನ್ನ ಜಾಗದಲ್ಲಿ ಕೂರಿಸಿ, ತೆರೆಯಲ್ಲಿ ಅವಳ ಮುಖವನ್ನು ಒತ್ತಿ ಹಿಡಿದು ಫೋಕಸ್ ಮತ್ತು ಬೆಳಕನ್ನು ಲಾಕ್ ಮಾಡುತ್ತೇನೆ. ಮೊಬೈಲು ಜೋಳದ ಡಬ್ಬಿಯ ಮೇಲೆ, ನನ್ನ ಕಣ್ಣಿನ ಎತ್ತರಕ್ಕಿರುತ್ತದೆ. ಲೆನ್ಸಿನ ಪಕ್ಕಕ್ಕೆ ಒಂದು ಕೆಂಪು ಟಿಕಳಿ ಅಂಟಿಸಿದ್ದೇನೆ. ಹತ್ತನೇ ತರಗತಿಯ ಆ ಹುಡುಗಿ ಅಲ್ಲಿಯೇ ಕುಳಿತಿದ್ದಾಳೆ ಎಂದುಕೊಂಡು, ಟಿಕಳಿಯನ್ನೇ ನೋಡುತ್ತಾ ಪಾಠ ಶುರು ಮಾಡುತ್ತೇನೆ.