20 ಬೈಟಿನ ಬ್ಯಾಕಪ್ ಮತ್ತು ನಾಲ್ಕು ಬಾರಿ ತಿದ್ದಿದ ‘ಇಫ್’

ಕಳೆದ ದೀಪಾವಳಿಯ ಹಿಂದಿನ ವಾರ ಹುಬ್ಬಳ್ಳಿಯ ಸಗಟು ಔಷಧ ವ್ಯಾಪಾರಿಯೊಬ್ಬರ ಬಿಲ್ಲಿಂಗ್ ಸರ್ವರಿನ ಡಿಸ್ಕು ಕೈಕೊಟ್ಟಾಗ, ಹೊಸ ಡಿಸ್ಕಿಗೆ ಉಬುಂಟು (ಲಿನಕ್ಸ್ ಬಗೆಯ ಕಾರ್ಯಾಚರಣಾ ವ್ಯವಸ್ಥೆ) ಹಾಕಿ, ನಾನೇ ಬರೆದ ಶೆಲ್ ಸ್ಕ್ರಿಪ್ಟು ಹಿಂದಿನ ರಾತ್ರಿ ತೆಗೆದಿಟ್ಟ ಪ್ರತಿಯಿಂದ ಮೈಎಸ್‌ಕ್ಯೂಎಲ್ ಡೇಟಾಬೇಸನ್ನು ಮರಳಿ ತುಂಬಲು ನನಗೆ ಹಿಡಿದದ್ದು ಸುಮಾರು ಎರಡೂವರೆ ತಾಸು. ಕಳೆದುಹೋದದ್ದು ಆ ಬೆಳಗಿನ ಮೂವತ್ತು ನಲವತ್ತು ಬಿಲ್ಲುಗಳು ಮಾತ್ರ. ‘ಎಲ್ಲಾ ಬಂತೇನ್ರೀ?’ ಎಂದು ಮಾಲೀಕರು ಮೂರು ಸಲ ಕೇಳಿದರು. ಶೆಲ್ಲಿನಲ್ಲಿ (ಲಿನಕ್ಸಿಗೆ ಕಮಾಂಡು ಕೊಡುವ ಭಾಷೆಯಲ್ಲಿ) ನಾಲ್ಕು ಇಫ್, ಅಂದರೆ ‘ಹೀಗಾದರೆ ಇದನ್ನು ಮಾಡು’ ಎಂಬ ಷರತ್ತು, ಗೀಚಿ ಬ್ಯಾಕಪ್ಪನ್ನು ನಂಬಿ ಕೂರಬಾರದು, ಪೈಥಾನಿನಲ್ಲಿ ಬರೆಯಬೇಕು, ಇಲ್ಲವೇ ವರ್ಷಕ್ಕೆ ಮೂವತ್ತು ಸಾವಿರದಷ್ಟು ತೆತ್ತು ಸಾಫ್ಟ್‌ವೇರ್ ಕೊಳ್ಳಬೇಕು ಎಂದು ವರ್ಷವಿಡೀ ಉಪದೇಶಿಸಿದ ಗೆಳೆಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನ್ನ ಪಾಲಿನ ಖರ್ಚು ಹೊರಗಿನ ಡಿಸ್ಕೊಂದಕ್ಕೆ ತೆತ್ತ ನಾಲ್ಕೂವರೆ ಸಾವಿರ, ಮತ್ತು ನನ್ನದೇ ತಪ್ಪಿಗೆ ತೆತ್ತ ದಂಡ.

ಆ ದಂಡದ ಕಥೆ ಹೀಗಿದೆ. ಸ್ಕ್ರಿಪ್ಟಿನ ಮೊದಲ ಆವೃತ್ತಿಯಲ್ಲಿ ಡಂಪನ್ನು (ಡೇಟಾಬೇಸಿನ ಪೂರ್ತಿ ನಕಲನ್ನು) ಫೈಲನ್ನು ಒತ್ತಿ ಕಿರಿದಾಗಿಸುವ ಜಿಜಿಪ್‌ಗೆ ಪೈಪ್ ಮಾಡಿ, ಅಂದರೆ ಒಂದು ಕಮಾಂಡಿನ ಹೊರಹರಿವನ್ನು ಇನ್ನೊಂದಕ್ಕೆ ಹರಿಸಿ, ಆ ಇಡೀ ಸಾಲನ್ನು ಇಫ್‌ನ ಷರತ್ತಾಗಿಸಿ, ನಿಜವಾದರೆ ಹದಿನೈದು ದಿನಕ್ಕಿಂತ ಹಳೆಯ ಫೈಲುಗಳನ್ನು ಅಳಿಸುವಂತೆ ಬರೆದಿದ್ದೆ. ಪೈಪಿನಲ್ಲಿ ಕೊನೆಯ ಕಮಾಂಡಿನ ಎಕ್ಸಿಟ್ ಕೋಡೇ (ಮುಗಿಯುವಾಗ ಅದು ಮರಳಿಸುವ ಸಂಖ್ಯೆ; ಸೊನ್ನೆಯಾದರೆ ಯಶಸ್ಸು) ಲೆಕ್ಕಕ್ಕೆ ಬರುತ್ತದೆ ಎಂಬುದು ಗೊತ್ತಿದ್ದೂ ಮೈಮರೆತಿದ್ದೆ. ಯಾರೋ ಡೇಟಾಬೇಸಿನ ಪಾಸ್‌ವರ್ಡ್ ಬದಲಿಸಿದ ದಿನದಿಂದ ಡಂಪ್ ಸೋಲುತ್ತಿತ್ತು, ಜಿಜಿಪ್ ಮಾತ್ರ ಏನೂ ಬಾರದಿದ್ದರೂ ಅದನ್ನೇ ಒತ್ತಿಟ್ಟು ಸೊನ್ನೆ ಮರಳಿಸುತ್ತಿತ್ತು, ಸ್ಕ್ರಿಪ್ಟು ಹಳೆಯ ಒಳ್ಳೆಯ ಪ್ರತಿಗಳನ್ನು ದಿನಕ್ಕೊಂದರಂತೆ ಅಳಿಸುತ್ತ ಹೋಯಿತು. ಮೂರು ವಾರದ ನಂತರ ತಪ್ಪಾಗಿ ಅಳಿಸಿದ ಟೇಬಲ್ ಒಂದನ್ನು ಹಿಂದಕ್ಕೆ ತರಲು ಹೋದರೆ, ಸಾಲಾಗಿ ನಿಂತ ಹದಿನೈದು ಫೈಲುಗಳಲ್ಲಿ ಪ್ರತಿಯೊಂದರ ಗಾತ್ರವೂ ಸರಿಯಾಗಿ 20 ಬೈಟು. ಫೈಲು ಖಾಲಿ ಇದೆಯೇ ಎಂದು ನೋಡುವ ‘ಮೈನಸ್ ಎಸ್’ ಪರೀಕ್ಷೆಯನ್ನೂ ಹಾಕಿದ್ದೆ; 20 ಬೈಟು ಖಾಲಿಯಲ್ಲವಾದ್ದರಿಂದ ಅದು ಪ್ರತಿ ರಾತ್ರಿ ಪಾಸಾಗುತ್ತಿತ್ತು. ಬಿಲ್ಲುಗಳನ್ನು ಮತ್ತೆ ತುಂಬಲು ಇಬ್ಬರು ಹುಡುಗರಿಗೆ ನನ್ನ ಜೇಬಿನಿಂದ ಏಳು ಸಾವಿರ ರೂಪಾಯಿಯಷ್ಟು ಕೊಟ್ಟೆ.

ಎರಡನೆಯ ಬಾರಿ ಗಾತ್ರವನ್ನು 1000ಕ್ಕೆ ಹೋಲಿಸಿದೆ. ಅವಸರದಲ್ಲಿ ಷರತ್ತಿನ ಒಂಟಿ ಚೌಕ ಕಂಸದೊಳಗೆ ‘ಹೆಚ್ಚಿದೆಯೇ’ ಎಂದು ಕೇಳುವ ‘ಮೈನಸ್ ಜಿಟಿ’ ಬದಲು > ಚಿಹ್ನೆ ಹಾಕಿಬಿಟ್ಟಿದ್ದೆ. ಅಲ್ಲಿ ಅದು ಹೋಲಿಕೆಯಲ್ಲ, ರೀಡೈರೆಕ್ಷನ್, ಅಂದರೆ ಹೊರಹರಿವನ್ನು ಆ ಹೆಸರಿನ ಫೈಲಿಗೆ ತಿರುಗಿಸುವುದು. ಷರತ್ತು ಯಾವಾಗಲೂ ನಿಜ. ಫೋಲ್ಡರಿನಲ್ಲಿ ‘1000’ ಎಂಬ ಹೆಸರಿನ ಖಾಲಿ ಫೈಲೊಂದು ಕಂಡಾಗ ಅದನ್ನು ಎರಡು ಸಲ ಅಳಿಸಿದೆ, ಮರುದಿನ ಮತ್ತೆ ಹುಟ್ಟಿರುತ್ತಿತ್ತು. ಮೂರನೆಯ ಸಲ ಕಂಡಾಗ ಹೊಳೆಯಿತು.

ಮೂರನೆಯ ಬಾರಿ ಜಾಣತನ ತೋರಲು [[ ಬಳಸಿದೆ, ಅದು ಬ್ಯಾಷ್ ಎಂಬ ಶೆಲ್ಲಿನ ಜೋಡಿ ಕಂಸ. ಟರ್ಮಿನಲ್ಲಿನಲ್ಲಿ ಬ್ಯಾಷ್‌ನಿಂದ ಓಡಿಸಿದಾಗ ಎಲ್ಲವೂ ಸರಿಯಿತ್ತು. ಪ್ರತಿ ರಾತ್ರಿ ಸ್ಕ್ರಿಪ್ಟನ್ನು ತಾನಾಗಿ ಓಡಿಸುವ ಕ್ರಾನ್ ಸಾಲಿನಲ್ಲಿ ಮಾತ್ರ ಮೊದಲಿನಿಂದಲೂ ‘ಎಸ್‌ಎಚ್’ ಎಂದೇ ಬರೆದಿದ್ದೆ, ಮತ್ತು ಉಬುಂಟುವಿನಲ್ಲಿ 2006ರ 6.10 ಆವೃತ್ತಿಯಿಂದಲೂ ಆ ಹೆಸರಿನ ಹಿಂದೆ ಇರುವುದು ಡ್ಯಾಷ್ ಎಂಬ ಬೇರೆ ಶೆಲ್. ಅದಕ್ಕೆ [[ ಎಂಬ ಕಮಾಂಡೇ ಸಿಗದೆ 127 ಮರಳಿತು, ಇಫ್ ಸದ್ದಿಲ್ಲದೆ ಷರತ್ತು ಸುಳ್ಳಾದಾಗಿನ ದಾರಿಯಾದ ಎಲ್ಸ್‌ಗೆ ಹಾರಿತು, ಪ್ರತಿ ರಾತ್ರಿ ‘ಬ್ಯಾಕಪ್ ವಿಫಲ’ ಎಂಬ ಮೇಲ್ ಬರತೊಡಗಿತು. ನಾಲ್ಕು ರಾತ್ರಿ ನಾನು ಡೇಟಾಬೇಸನ್ನೇ ಶಂಕಿಸಿ ಕಳೆದೆ. ನನ್ನ ಎಲ್ಲ ಸೋಲುಗಳ ಬೇರು ಕಂಡದ್ದು ಇಲ್ಲಿಯೇ: ‘ಇಲ್ಲ’ ಎಂಬ ಉತ್ತರಕ್ಕೂ ಪ್ರಶ್ನೆಯನ್ನೇ ಕೇಳಲಾಗಲಿಲ್ಲ ಎಂಬುದಕ್ಕೂ ಇಫ್ ಭೇದ ಮಾಡುವುದಿಲ್ಲ, ಸೊನ್ನೆಯಲ್ಲದ್ದೆಲ್ಲವೂ ಅದಕ್ಕೆ ಸುಳ್ಳು.

ನಾಲ್ಕನೆಯ ಆವೃತ್ತಿಯನ್ನು ಕಟ್ಟಿದ್ದು ಈ ಭೇದದ ಮೇಲೆಯೇ. ಕ್ರಾನ್ ಸಾಲನ್ನು ಬ್ಯಾಷ್‌ಗೆ ಬದಲಿಸಿ, ಪೈಪಿನ ಯಾವ ಕಮಾಂಡು ಸೋತರೂ ಸೋಲೆಂದೇ ಎಣಿಸುವ ಪೈಪ್‌ಫೇಲ್ ಹಾಕಿದೆ. ಮೈಎಸ್‌ಕ್ಯೂಎಲ್ ಡಂಪ್ ಪೂರ್ತಿಯಾದಾಗ ಕೊನೆಯಲ್ಲಿ ‘ಡಂಪ್ ಕಂಪ್ಲೀಟೆಡ್’ ಎಂಬ ಟಿಪ್ಪಣಿ ಸಾಲನ್ನು ಬರೆಯುತ್ತದೆ; ಒತ್ತಿದ ಫೈಲನ್ನು ಬಿಚ್ಚಿ ಬಾಲವನ್ನು ಪದ ಹುಡುಕುವ ಗ್ರೆಪ್‌ಗೆ ಕೊಟ್ಟು, ಅದರ ಕೋಡನ್ನು ಕೂಡಲೇ ಒಂದು ವೇರಿಯಬಲ್ಲಿನಲ್ಲಿ ಹಿಡಿದು, ಬೆಲೆಗೊಂದು ದಾರಿ ಆರಿಸುವ ಕೇಸ್‌ಗೆ ಒಪ್ಪಿಸಿದೆ. ಸೊನ್ನೆ ಬಂದರೆ ಮಾತ್ರ ಹಳೆಯದನ್ನು ಅಳಿಸುವುದು, ಒಂದು ಬಂದರೆ ಅಪೂರ್ಣ ಡಂಪ್ ಎಂದು ಮೇಲ್, ಬೇರೇನು ಬಂದರೂ ಪರೀಕ್ಷೆಯೇ ಕೆಟ್ಟಿದೆ ಎಂದು ಬೇರೆ ಶೀರ್ಷಿಕೆಯ ಮೇಲ್. ನಿನ್ನೆಯ ಗಾತ್ರದೊಂದಿಗೆ ಇಂದಿನದನ್ನು ತೂಗುವ ಇನ್ನೊಂದು ಷರತ್ತೂ ಇದೆ. ಎಷ್ಟು ಇಳಿದರೆ ಕೂಗಬೇಕು, ಭಾನುವಾರವನ್ನು ಹೇಗೆ ಲೆಕ್ಕ ಹಾಕಬೇಕು ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಅದರ ಬಲದ ಮೇಲೆ ನನಗೆ ಇನ್ನೆರಡು ಅಂಗಡಿಗಳ ಕೆಲಸ ಸಿಕ್ಕಿದೆ.

ನಡುವೆ, ಇಷ್ಟೆಲ್ಲ ಷರತ್ತುಗಳ ಬದಲು, ಕಮಾಂಡು ಸೋತ ಕೂಡಲೇ ಸ್ಕ್ರಿಪ್ಟನ್ನು ನಿಲ್ಲಿಸುವ ‘ಸೆಟ್ ಮೈನಸ್ ಇ’ ಒಂದೇ ಸಾಲದೇ ಎಂದು ಒಂದು ಭಾನುವಾರ ಪ್ರಯೋಗಿಸಿದೆ. ಇಫ್‌ನ ಷರತ್ತಾಗಿ ಒಂದು ಫಂಕ್ಷನ್ನನ್ನು (ಹೆಸರಿಟ್ಟ ಕಮಾಂಡುಗಳ ಗುಂಪನ್ನು) ಕರೆದರೆ ಅದರೊಳಗಿನ ಯಾವ ಸೋಲಿಗೂ ಅದು ನಿಲ್ಲಿಸುವುದಿಲ್ಲ ಎಂದು ಕಂಡ ಮೇಲೆ ಆ ಆಸೆ ಬಿಟ್ಟೆ.

ಕೊನೆಯ ಹುಳುಕು ತಾರೀಖಿನದು. ತಿಂಗಳ 8 ಮತ್ತು 22ರಂದು ಒಂದು ಪ್ರತಿಯನ್ನು ಹೊರಗಿನ ಡಿಸ್ಕಿಗೂ ಹಾಕಬೇಕಿತ್ತು. 22ರಂದು ಆಗುತ್ತಿತ್ತು, 8ರಂದು ಆಗುತ್ತಲೇ ಇರಲಿಲ್ಲ. ಡೇಟ್ ಕಮಾಂಡು ಕೊಡುವ 08 ಅನ್ನು [[ ಒಳಗೆ ಬ್ಯಾಷ್ ಮುಂದಿನ ಸೊನ್ನೆಯಿಂದಾಗಿ ಅಷ್ಟಮಾನ (0ಯಿಂದ 7ರವರೆಗಿನ ಅಂಕಿಗಳಷ್ಟೇ ಇರುವ) ಸಂಖ್ಯೆಯೆಂದು ಓದುತ್ತದೆ, ಅದರಲ್ಲಿ ಎಂಟು ಎಂಬ ಅಂಕಿಯೇ ಇಲ್ಲ, ದೋಷ ಲಾಗಿಗೆ ಹೋಯಿತು, ಇಫ್ ಮತ್ತದೇ ಎಲ್ಸ್‌ಗೆ. ಅಂಕಿಯ ಮುಂದೆ ‘ದಶಮಾನವೆಂದೇ ಓದು’ ಎನ್ನುವ 10# ಸೇರಿಸಿ ತಿದ್ದಿದ ನಂತರದ 8ನೆಯ ತಾರೀಖು ರಾತ್ರಿ ಎರಡಕ್ಕೆ ಎದ್ದು ಕೂತು ನೋಡಿದೆ. ಡಿಸ್ಕಿನಲ್ಲಿ ಪ್ರತಿ ಬಂದಿತ್ತು, ಸುಮಾರು 340 ಎಂಬಿ.