ಬಿಡಿಸಿದ್ರು ಅಂತ ನಾನೇ ಮೊದಲು ಹೇಳಿದೆ

ನನ್ನ ನೌಕರಿ ಹೋದದ್ದು 2022ರ ಆಗಸ್ಟ್ 13ರಂದು, ಶ್ರಾವಣದ ಶನಿವಾರ. ಕಲಬುರಗಿಯ ಒಂದು ದಾಲ್ ಮಿಲ್ಲಿನಲ್ಲಿ ಆರು ವರ್ಷ ಎರಡು ತಿಂಗಳು ಲೆಕ್ಕ ಬರೆದವನು ನಾನು. ಬಿಲ್ಲು, ಟ್ಯಾಲಿ (ಕಂಪ್ಯೂಟರಿನ ಲೆಕ್ಕದ ಪುಸ್ತಕ), ಜಿಎಸ್‌ಟಿ ರಿಟರ್ನು, ಹಮಾಲರ ವಾರದ ಹಿಸಾಬು ಎಲ್ಲ ನನ್ನ ಮೇಜಿನ ಮೇಲೇ. ಪಗಾರ 18,500.

ತಪ್ಪು ನನ್ನದೇ. ಆ ವರ್ಷ ಜುಲೈ 18ರಿಂದ ಬೇಳೆಕಾಳಿನ ತೆರಿಗೆ ನಿಯಮ ಬದಲಾಯಿತು. ಅಲ್ಲಿಯತನಕ ನೋಂದಣಿಯಾದ ಬ್ರಾಂಡ್ ಇದ್ದವರಿಗಷ್ಟೇ ಶೇ 5. ನಮ್ಮ ಚೀಲದ ಮೇಲಿನ ಹೆಸರು ನೋಂದಣಿ ಆಗಿರಲಿಲ್ಲ, ಹಾಗಾಗಿ ತೆರಿಗೆಯ ತಂಟೆಯೂ ಇರಲಿಲ್ಲ. 18ರಿಂದ ಬ್ರಾಂಡಿನ ಮಾತು ಹೋಗಿ ತೂಕದ ಮಾತು ಬಂತು: ಲೇಬಲ್ ಹಚ್ಚಿ ಮೊದಲೇ ಕಟ್ಟಿದ ಚೀಲ 25 ಕಿಲೋವರೆಗಿನದಾದರೆ ಶೇ 5, ಅದಕ್ಕಿಂತ ಮೇಲಿನದಕ್ಕೆ ಇಲ್ಲ. ನಮ್ಮಲ್ಲಿ ಹೋಗುವುದೆಲ್ಲ ಹೆಚ್ಚಾಗಿ 30 ಮತ್ತು 50 ಕಿಲೋದ ಚೀಲ. 25 ಕಿಲೋದ್ದು ಎಲ್ಲೋ ನಾಲ್ಕಾರು ಗಿರಾಕಿಗೆ. ಆ ನಾಲ್ಕಾರು ನನ್ನ ತಲೆಗೆ ಬರಲೇ ಇಲ್ಲ. 11 ದಿನ ಹಳೆಯ ಪ್ರಕಾರವೇ ಬಿಲ್ಲು ಹಾಕಿದೆ. ಆಮೇಲೆ ನಿಯಮ ತಿಳಿದು ಸರಿಯಾಗಿ ಹಾಕತೊಡಗಿದೆ, ಹಿಂದಿನ ಬಿಲ್ಲು ನೋಡಲಿಲ್ಲ. ಆಗಸ್ಟ್ 10ರ ರಾತ್ರಿ ತಿಂಗಳ ಮಾರಾಟದ ರಿಟರ್ನ್ ಜಿಎಸ್‌ಟಿಆರ್-1 ತುಂಬುವಾಗ ಅವು ಕಣ್ಣಿಗೆ ಬಿದ್ದವು. 14 ಬಿಲ್ಲು, 9,60,000 ರೂಪಾಯಿ ಮಾಲು, 48,000 ತೆರಿಗೆ. ಬೆಳಿಗ್ಗೆ ಹೋಗಿ ಸಾವ್ಕಾರರಿಗೆ ನಾನೇ ಹೇಳಿದೆ. ಬಿಟ್ಟುಹೋದ ತೆರಿಗೆ ಕೇಳಿ ಡೆಬಿಟ್ ನೋಟ್ ಕಳಿಸಿದರೆ ಗಿರಾಕಿಗಳು ‘ಮಾಲು ಮಾರಿ ಆಗ್ಯಾದ, ಈಗ ಯಾರ ಹತ್ರ ವಸೂಲ್ ಮಾಡ್ಲಿ’ ಎಂದರು. ದುಡ್ಡು ಮಿಲ್ಲಿನ ಗಲ್ಲೆಯಿಂದಲೇ ಹೋಯಿತು.

ಶನಿವಾರ ಸಂಜೆ ಕರೆದು, ‘ತಮ್ಮಾ, ನೀನೇ ರಾಜೀನಾಮೆ ಬರದು ಕೊಡು. ನಿನ್ನ ಮರ್ಯಾದಿನೂ ಉಳೀತದ’ ಅಂದರು.

ಆ ಕ್ಷಣ ಬರೆದುಕೊಟ್ಟುಬಿಡುತ್ತಿದ್ದೆ. ಕೈಯಲ್ಲಿ ಪೆನ್ನೂ ಇತ್ತು. ಏನೋ ಹೊಳೆದು ‘ಮಂಗಳವಾರತನಕ ಟೈಮ್ ಕೊಡ್ರಿ ಸಾವ್ಕಾರ್ರ’ ಎಂದೆ. ನಮ್ಮ ಓಣಿಯಲ್ಲಿ ವಕೀಲರೊಬ್ಬರ ಹತ್ತಿರ ಮೂವತ್ತು ವರ್ಷ ಗುಮಾಸ್ತರಾಗಿದ್ದ ಕಾಕಾ ಒಬ್ಬರಿದ್ದಾರೆ. ಅವರ ಮನೆ ಕಟ್ಟೆಯ ಮೇಲೆ ಭಾನುವಾರ ಎರಡು ತಾಸು ಕೂತೆ. ಕಾಕಾ ಕೇಳಿದ ಮೊದಲ ಪ್ರಶ್ನೆ, ‘ಐದು ವರ್ಷ ದಾಟ್ಯಾದೇನು?’ ದಾಟಿತ್ತು. ಅಂದಮೇಲೆ ಗ್ರಾಚ್ಯುಟಿ, ಅಂದರೆ ಸೇವೆ ಬಿಡುವಾಗ ಮಾಲೀಕ ಕೊಡಬೇಕಾದ ಉಪಧನ, ಬರಬೇಕು. ಮೂಲ ಪಗಾರ ಮತ್ತು ತುಟ್ಟಿಭತ್ಯೆ ಸೇರಿ ನನ್ನದು 14,300. ಅದನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ 8,250. ಆರು ವರ್ಷಕ್ಕೆ 49,500. ಆರು ವರ್ಷ ಬೇರೆಯವರ ದುಡ್ಡು ಎಣಿಸಿದ ನನಗೆ ನನ್ನ ಈ ಲೆಕ್ಕ ಗೊತ್ತಿರಲಿಲ್ಲ ಅಂದರೆ ನೀವು ನಗಬಹುದು.

‘ರಾಜೀನಾಮೆ ಕೊಟ್ರೂ ಇದು ಬರ್ತದ. ಖರೆ, ನೋಟಿಸಿನ ಒಂದು ತಿಂಗಳ ಪಗಾರ ಹೋಗ್ತದ. ಬಿಡಸ್ತೀನಿ ಅಂತ ಅವ್ರೇ ಪತ್ರ ಕೊಟ್ರ ಎರಡು ಶಬ್ದ ನೋಡಿಕೋ, ದುರ್ನಡತೆ ಮತ್ತ ನಿರ್ಲಕ್ಷ್ಯ. ಎರಡೂ ಇರಬಾರದು’ ಎಂದರು ಕಾಕಾ. ನಿರ್ಲಕ್ಷ್ಯದಿಂದ ಮಾಲೀಕನಿಗೆ ನಷ್ಟ ಮಾಡಿದನೆಂದು ಬಿಡಿಸಿದರೆ, ಆ ನಷ್ಟದಷ್ಟನ್ನು ಗ್ರಾಚ್ಯುಟಿಯಲ್ಲಿ ಮುರಿದುಕೊಳ್ಳಲು ಕಾಯ್ದೆಯಲ್ಲಿ ದಾರಿ ಇದೆಯಂತೆ. ನಷ್ಟ 48,000, ಬರಬೇಕಾದದ್ದು 49,500. ಒಂದು ಶಬ್ದ ಕೂತಿದ್ದರೆ ನನ್ನ ಆರು ವರ್ಷದ ಬೆಲೆ ಒಂದೂವರೆ ಸಾವಿರ.

ಮಂಗಳವಾರ ಹೋಗಿ ಜಗಳ ಆಡಲಿಲ್ಲ. ಒಂದು ಮಾತು ಇಟ್ಟೆ: ಜುಲೈ ತಿಂಗಳ ತೆರಿಗೆ ಕಟ್ಟುವ ರಿಟರ್ನ್ ಜಿಎಸ್‌ಟಿಆರ್-3ಬಿ 20ನೇ ತಾರೀಖಿಗೆ ಹೋಗಬೇಕು, ಅದನ್ನು ಸರಿಯಾಗಿ ಮುಗಿಸಿ, ಪಾಸ್‌ವರ್ಡುಗಳನ್ನೆಲ್ಲ ಬರೆದುಕೊಟ್ಟು, ಫೈಲು ಜೋಡಿಸಿ ಹೋಗುತ್ತೇನೆ. ನೀವು ‘ಸೇವೆಯ ಅಗತ್ಯವಿಲ್ಲದ ಕಾರಣ’ ಎಂದು ಪತ್ರ ಕೊಡಿ. ಸಾವ್ಕಾರರು ಬಹಳ ಹೊತ್ತು ಫ್ಯಾನ್ ನೋಡುತ್ತ ಕೂತರು. ರಿಟರ್ನ್ ತುಂಬಲು ಅವರಿಗೂ ಬೇರೆ ಯಾರೂ ಇರಲಿಲ್ಲವಲ್ಲ! ಪತ್ರ ಸಿಕ್ಕಿತು. ನೋಟಿಸಿನ ಪಗಾರವೂ ಬಂತು. ಗ್ರಾಚ್ಯುಟಿ ‘ನೋಡೋಣ’ ಎಂದರು. ಕಾಕಾ ಹೇಳಿದಂತೆ ಅರ್ಜಿ ಬರೆದು, ಇನ್ನೊಂದು ಪ್ರತಿಯ ಮೇಲೆ ಸಹಿ ಹಾಕಿಸಿಕೊಂಡೇ ಹೊರಬಿದ್ದೆ.

ಹೆಂಡತಿಗೆ ಶನಿವಾರ ರಾತ್ರಿಯೇ ಹೇಳಿದ್ದೆ. ಅವ್ವನಿಗೆ ಹೇಳುವ ಧೈರ್ಯ ಆಗಿರಲಿಲ್ಲ. 20ರತನಕ ಹೇಗೂ ಮಿಲ್ಲಿಗೆ ಹೋಗಿಬರುತ್ತಿದ್ದೆ. 22, ಸೋಮವಾರ. ಎಂದಿನಂತೆ ಡಬ್ಬಿ ಹಿಡಿದು ಹೊರಟು, ಅಪ್ಪನ ಕೆರೆಯ ದಂಡೆಯಲ್ಲಿ ಮಧ್ಯಾಹ್ನದವರೆಗೆ ಕೂತು, ರೊಟ್ಟಿ ಪುಂಡಿಪಲ್ಯ ಅಲ್ಲೇ ತಿಂದು, ಸಂಜೆ ಮನೆಗೆ ಬಂದೆ. ಅವ್ವ ಅವತ್ತು ಶ್ರಾವಣ ಸೋಮವಾರವೆಂದು ಶರಣಬಸವೇಶ್ವರ ಗುಡಿಗೆ ಹೋಗಿದ್ದಳು. ನನ್ನನ್ನು ಕಂಡದ್ದೇ, ‘ಎಪ್ಪಾ, ರೊಟ್ಟಿ ನೀ ತಿಂದಿಯೋ ಕೆರೀ ಮೀನಿಗೆ ಹಾಕಿ ಬಂದಿಯೋ?’ ಅಂದಳು. ಗುಡಿಯ ಸಾಲಿನಲ್ಲಿ ನಿಂತಾಗ ನಮ್ಮ ಮಿಲ್ಲಿನ ಹಮಾಲರೊಬ್ಬರ ಹೆಂಡತಿ ಎಲ್ಲ ಹೇಳಿದ್ದಳಂತೆ. 48 ಸಾವಿರದ ಅಂಕಿ ಸಮೇತ.

ಅವತ್ತೇ ನನಗೆ ತಿಳಿಯಬೇಕಿತ್ತು. ತಿಳಿಯಲಿಲ್ಲ. ಗುಡಿ ಸಾಲಿಗೆ ಮುಟ್ಟಿದ ಸುದ್ದಿ ಗಂಜಿನ ಮಾರುಕಟ್ಟೆಗೆ ಮುಟ್ಟಿರುವುದಿಲ್ಲವೇ?

ಮೊದಲು ಹೋದದ್ದು ನೆಹರು ಗಂಜಿನ ಒಂದು ಅಡತ್ (ದಲ್ಲಾಳಿ) ಅಂಗಡಿಗೆ. ಅಡತ್ಯಾರು ಪರಿಚಯದವರು, ಚಹಾ ತರಿಸಿದರು. ‘ಯಾಕ ಬಿಟ್ಟೀರಿ?’ ಎಂದದ್ದೇ ತಡ, ಕಾಲು ತಾಸು ಮಾತಾಡಿದೆ. ನಿಯಮ ಹೇಗೆ ಏಕಾಏಕಿ ಬಂತು, ಸಾವ್ಕಾರರು ಎಷ್ಟು ಜಿಪುಣರು, ಒಬ್ಬನೇ ಮೂವರ ಕೆಲಸ ಹೇಗೆ ಮಾಡುತ್ತಿದ್ದೆ. ಎಲ್ಲ ಕೇಳಿಸಿಕೊಂಡು ಅವರು ಅಂದದ್ದು ಇಷ್ಟೇ: ‘ನಾಳೆ ನನ್ನ ಬಗ್ಗೆನೂ ಇನ್ನೊಂದು ಅಂಗಡ್ಯಾಗ ಕುಂತು ಹಿಂಗೇ ಅಂತೀರೇನ್ರಿ?’

ಮುಂದಿನ ಕಡೆ ಜಾಣತನ ಮಾಡಿದೆ. ಕಪನೂರು ಕೈಗಾರಿಕಾ ಪ್ರದೇಶದ ಇನ್ನೊಂದು ಮಿಲ್ಲಿನಲ್ಲಿ ‘ನಾನೇ ಬಿಟ್ಟೆ, ಬದಲಾವಣೆ ಬೇಕಿತ್ತು’ ಎಂದೆ. ಮಾಲೀಕರು ತಲೆಯಾಡಿಸುತ್ತಲೇ ಫೋನ್ ತೆಗೆದು ನನ್ನ ಎದುರಿಗೇ ನಮ್ಮ ಸಾವ್ಕಾರರಿಗೆ ಹಚ್ಚಿದರು. ಆ ಎರಡು ನಿಮಿಷ ಎಲ್ಲಿ ನೋಡಬೇಕೆಂದು ತಿಳಿಯದೆ ಗೋಡೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ಹುಡುಕುತ್ತಿದ್ದೆ.

ಬೆಂಗಳೂರಿನಲ್ಲಿ ಇಂಥ ಸುಳ್ಳು ನಡೆಯುತ್ತದೋ ಏನೋ. ಇಲ್ಲಿ ತೊಗರಿ ಕೊಳ್ಳುವವರು, ಮಾರುವವರು, ಒಡೆಯುವವರು ಎಲ್ಲ ಒಬ್ಬರಿಗೊಬ್ಬರು ಬೀಗರೋ ಗಿರಾಕಿಗಳೋ ಆಗಿರುತ್ತಾರೆ. ಹೇಗೂ ಗೊತ್ತಾಗುವ ಸಂಗತಿ ಅವರಿವರ ಬಾಯಿಂದ ಹೋಗುವ ಬದಲು ನನ್ನ ಬಾಯಿಂದಲೇ, ಅದೂ ಕೇಳುವುದಕ್ಕೆ ಮುಂಚೆಯೇ ಹೋಗಲಿ ಎಂದು ಗಟ್ಟಿ ಮಾಡಿದೆ. ರಾತ್ರಿ ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಬರೆದೆ. ಮೊದಲು ಒಂದು ಪುಟ ಆಯಿತು. ಹೆಂಡತಿ ಓದಿ, ‘ಇದ್ರಾಗ ಖರೇದು ಎರಡೇ ಸಾಲು ಅದಾವ್ರೀ, ಉಳಿದದ್ದು ಅಳೋದು’ ಎಂದು ಉಳಿದದ್ದನ್ನೆಲ್ಲ ಹೊಡೆದುಹಾಕಿದಳು. ಉಳಿದದ್ದು ಇದು:

‘ಜುಲೈ 18ರ ನಿಯಮ ನಾನು 11 ದಿನ ತಡಮಾಡಿ ತಿಳಕೊಂಡೆ, ಮಾಲಕರಿಗೆ 48 ಸಾವಿರ ಲುಕ್ಸಾನಾಯ್ತು, ಅದಕ್ಕ ಬಿಡಿಸಿದ್ರು. ತಪ್ಪು ಹಿಡದವ ನಾನೇ, ಹೇಳಿದವ ನಾನೇ, ರಿಟರ್ನ್ ಸರಿ ಮಾಡಿ ಕೊಟ್ಟೇ ಬಂದೀನಿ. ಬೇಕಾದ್ರ ಫೋನ್ ಹಚ್ಚಿ ಕೇಳ್ರಿ.’

ಕೊನೆಯ ಮಾತಿಗೆ ಬಲ ಬಂದದ್ದು ಆ ಐದು ದಿನ ಮಿಲ್ಲಿನಲ್ಲಿ ಕೂತು ಹಿಸಾಬು ಮುಗಿಸಿದ್ದರಿಂದ. ಸಿಟ್ಟಿನಲ್ಲಿ ಎದ್ದು ಬಂದಿದ್ದರೆ ಹಾಗೆ ಹೇಳಲು ಬಾಯಿ ಬರುತ್ತಿರಲಿಲ್ಲ.

ಎಲ್ಲಿ ಹುಡುಕಬೇಕು ಎಂಬುದರಲ್ಲೂ ಎಡವಿದೆ. ಆಗಸ್ಟ್‌ನಲ್ಲಿ ಮಿಲ್ಲುಗಳ ಬಾಗಿಲು ತಟ್ಟುವುದು ದಡ್ಡತನ. ಹೊಸ ತೊಗರಿ ಬರುವುದು ಡಿಸೆಂಬರ್, ಜನವರಿಗೆ. ಅಲ್ಲಿಯವರೆಗೆ ಮಾಲೀಕರು ಇದ್ದವರ ಪಗಾರಕ್ಕೇ ಮುಖ ಗಂಟು ಹಾಕಿಕೊಂಡಿರುತ್ತಾರೆ. ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಯ ಗುತ್ತಿಗೆದಾರರೊಬ್ಬರು 20 ಸಾವಿರ ಎಂದರು. ದಿನಾ ಬಸ್ಸಿನಲ್ಲಿ ಹೋಗಿಬರುವುದೇ ಮೂರು ತಾಸು, ಪಿಎಫ್ ಕಟ್ಟುತ್ತೀರಾ ಎಂದರೆ ಮಾತು ತೇಲಿಸಿದರು. ಬಿಟ್ಟೆ. ಹೆಂಡತಿಯ ತಮ್ಮ ಬೆಂಗಳೂರಿಗೆ ಕರೆದ, 26 ಸಾವಿರ ಕೊಡಿಸುತ್ತೇನೆ ಎಂದ. ಬಾಡಿಗೆ, ಮಕ್ಕಳ ಶಾಲೆ, ಅವ್ವ ಎಲ್ಲ ಕಳೆದರೆ ಕಲಬುರಗಿಯ 15 ಸಾವಿರವೇ ಮೇಲು ಎಂದು ಲೆಕ್ಕ ಬಂತು. ಮೊಬೈಲಿನಲ್ಲಿ ಅರ್ಜಿ ಹಾಕುವ ಆ್ಯಪುಗಳಿಂದ ನನಗೆ ಬಂದದ್ದು ವಿಮೆ ಮಾರುವ ಕರೆಗಳು ಮಾತ್ರ.

ಕೆಲಸ ಎಲ್ಲಿದೆ ಎಂದು ನಿಜವಾಗಿ ಗೊತ್ತಿರುವವರು ಟ್ಯಾಕ್ಸ್ ಪ್ರಾಕ್ಟೀಷನರುಗಳು. ಯಾರ ಪುಸ್ತಕ ಮೂರು ತಿಂಗಳಿಂದ ಬರೆದಿಲ್ಲ, ಯಾರ ಲೆಕ್ಕದವ ಹೇಳದೆ ಕೇಳದೆ ಊರಿಗೆ ಹೋದ, ಯಾರಿಗೆ ನೋಟಿಸ್ ಬಂದಿದೆ ಎಲ್ಲ ಅವರಿಗೆ ಗೊತ್ತು. ಆದರೆ ಹೋಗುವ ತಾರೀಖು ನೋಡಿಕೊಳ್ಳಬೇಕು. 8ರಿಂದ 11ರವರೆಗೆ ಜಿಎಸ್‌ಟಿಆರ್-1ರ ಗದ್ದಲ, 16ರಿಂದ 20ರವರೆಗೆ 3ಬಿ. ಆಗ ಹೋದರೆ ನಿಮ್ಮ ಮುಖ ಕೂಡ ನೋಡುವುದಿಲ್ಲ. 20 ದಾಟಿದ ಮೇಲೆ, ಮಧ್ಯಾಹ್ನ ಊಟ ಮುಗಿಸಿ ಕೂತಾಗ ಹೋಗಬೇಕು. ನಾನು ಸೆಪ್ಟೆಂಬರ್ 21ಕ್ಕೆ ಸೂಪರ್ ಮಾರ್ಕೆಟ್ ಹತ್ತಿರದ ಒಬ್ಬರಲ್ಲಿಗೆ ಹೋದೆ. ಕೂತ ಕೂಡಲೇ ನನ್ನ ಎರಡು ಸಾಲು ಒಪ್ಪಿಸಿದೆ. ಅವರು ಕನ್ನಡಕ ಮೇಲೇರಿಸಿ, ‘ಹನ್ನೊಂದೇ ದಿನ? ನನ್ನ ಹತ್ರ ಒಬ್ರು ತಿಂಗಳಾನುಗಟ್ಟಲೆ ಹಂಗೇ ಬಿಲ್ ಹಾಕ್ಯಾರ, ಇನ್ನೂ ಹಾಕ್ಲಿಕತ್ತಾರ’ ಎಂದು ನಕ್ಕರು.

ಆಗ ಅವರಿಗೆ ಕೈ ಬೇಕಾಗಿತ್ತು. ಅಕ್ಟೋಬರ್ 1ರಿಂದ 10 ಕೋಟಿ ದಾಟಿದ ವಹಿವಾಟಿನವರಿಗೂ ಇ-ಇನ್ವಾಯ್ಸ್ (ಸರಕಾರದ ಪೋರ್ಟಲಿನಲ್ಲಿ ನೋಂದಾಯಿಸುವ ಬಿಲ್ಲು) ಕಡ್ಡಾಯವಾಗುತ್ತಿತ್ತು. ಅದಕ್ಕೂ ಮೊದಲು 20 ಕೋಟಿಯ ಗೆರೆ ಇತ್ತು. ಗೆರೆ ಕೆಳಗಿಳಿದದ್ದೇ ಊರಿನ ಎಷ್ಟೋ ಅಂಗಡಿಗಳು ಒಳಗೆ ಬಂದವು. ಪ್ರತಿಯೊಬ್ಬರ ಟ್ಯಾಲಿಯಲ್ಲಿ ಮಾಲಿನ ಹೆಸರು, ಅದರ ವರ್ಗ ತೋರಿಸುವ ಎಚ್‌ಎಸ್‌ಎನ್ ಕೋಡು, ಗಿರಾಕಿಯ ಜಿಎಸ್‌ಟಿ ನಂಬರು, ಪಿನ್‌ಕೋಡು ಸರಿ ಮಾಡುವ ಕೆಲಸ. ಒಂದು ಅಂಗಡಿಯಲ್ಲಿ ತೊಗರಿಬೇಳೆ ಒಂಬತ್ತು ಬಗೆಯ ಹೆಸರಿನಲ್ಲಿ ಕೂತಿತ್ತು. ಮಧ್ಯಾಹ್ನದವರೆಗೆ ಕೂತರೆ 300 ರೂಪಾಯಿ. ಬಹಳ ಅಲ್ಲ. ಆದರೆ ಹದಿನೈದು ದಿನದಲ್ಲಿ ಏಳು ಅಂಗಡಿ ಹೊಕ್ಕು ಬಂದೆ, ಏಳು ಮಾಲೀಕರು ನನ್ನ ಕೆಲಸ ಕಣ್ಣಾರೆ ಕಂಡರು.

ಈ ನಡುವೆ ಚಿಕ್ಕವಳಿಗೆ ಜ್ವರ ಬಂದು ಸೇಡಂ ರಸ್ತೆಯ ಇಎಸ್‌ಐ, ಅಂದರೆ ನೌಕರರ ವಿಮೆಯ ಆಸ್ಪತ್ರೆಗೆ ಹೋಗಬೇಕಾಯಿತು. ನೌಕರಿ ಇಲ್ಲ, ಕಾರ್ಡು ನಡೆಯುವುದಿಲ್ಲ ಎಂದು ಹೆದರಿದ್ದೆ. ನಡೆಯಿತು. ಅಕ್ಟೋಬರಿನಿಂದ ಮಾರ್ಚ್‌ವರೆಗೆ ಕಟ್ಟಿದ ವಂತಿಗೆ ಮುಂದಿನ ಜುಲೈಯಿಂದ ಡಿಸೆಂಬರ್‌ವರೆಗೆ ಕಾಯುತ್ತದೆ. ನೌಕರಿ ಹೋದವರಲ್ಲಿ ಬಹಳ ಮಂದಿ ಇದು ತಿಳಿಯದೆ ಖಾಸಗಿ ಆಸ್ಪತ್ರೆಗೆ ಸಾಲ ಮಾಡುತ್ತಾರೆ. ಪಿಎಫ್ ದುಡ್ಡಿಗೆ ಕೈ ಹಾಕಲಿಲ್ಲ. ತೆಗೆದುಬಿಡು ಎಂದವರೇ ಹೆಚ್ಚು. ಆದರೆ ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು, ನನ್ನದು ಆರಾಗಿತ್ತು, ತೆಗೆದರೆ ಮತ್ತೆ ಒಂದರಿಂದ ಎಣಿಕೆ. ಮಿಲ್ಲಿನವರು ಬಿಟ್ಟ ದಿನಾಂಕ ಹಾಕಿರಲಿಲ್ಲ. ಕೊನೆಯ ಕಂತಿನಿಂದ ಎರಡು ತಿಂಗಳು ಕಳೆದರೆ ಪೋರ್ಟಲಿನಲ್ಲಿ ಆಧಾರ್ ಒಟಿಪಿ ಕೊಟ್ಟು ನಾವೇ ಹಾಕಿಕೊಳ್ಳಬಹುದು. ಹಾಗೇ ಮಾಡಿ ಆಮೇಲೆ ಹೊಸ ಖಾತೆಗೆ ವರ್ಗ ಮಾಡಿಸಿದೆ.

ಏಳರಲ್ಲಿ ಒಂದು ನಂದೂರು ಕೆಸರಟಗಿ ಕೈಗಾರಿಕಾ ಪ್ರದೇಶದ ಪ್ಯಾಕಿಂಗ್ ಘಟಕ. ಅರ್ಧ ಕಿಲೋ, ಒಂದು ಕಿಲೋ, ಐದು ಕಿಲೋ ಬೇಳೆ ಪ್ಯಾಕೆಟ್ ಮಾಡುವವರು. ಅಲ್ಲಿಯ ಯಜಮಾನರು ಒಂದು ದಿನ ನಿಲ್ಲಿಸಿ ಕೇಳಿದರು: ‘30 ಕಿಲೋ ಚೀಲಕ್ಕ ಟ್ಯಾಕ್ಸ್ ಇಲ್ಲಲ್ರೀ. ಆ ಚೀಲದಾಗ ಒಂದೊಂದು ಕಿಲೋದ ಮೂವತ್ತು ಪ್ಯಾಕೆಟ್ ಇದ್ರ?’ ತೆರಿಗೆ ಬರುತ್ತದೆ, ಹೊರಗಿನ ಚೀಲ ಅಲ್ಲ, ಒಳಗಿನ ಪ್ಯಾಕೆಟ್ ನೋಡಬೇಕು ಎಂದೆ. ಈ ನಿಯಮ ನನಗೆ ನಿದ್ದೆಯಲ್ಲೂ ಬಾಯಿಪಾಠ, ಹೇಗೆ ಕಲಿತೆ ಎಂದೂ ಹೇಳಿದೆ. ಅವರು ನಮ್ಮ ಸಾವ್ಕಾರರಿಗೆ ಫೋನ್ ಹಚ್ಚಿಯೇ ಹಚ್ಚಿದರು. ಈ ಸಲ ಕ್ಯಾಲೆಂಡರ್ ನೋಡಲಿಲ್ಲ. ಆ ಕಡೆಯಿಂದ ಏನು ಬಂತೋ ಗೊತ್ತಿಲ್ಲ. ಇಟ್ಟ ಮೇಲೆ ಯಜಮಾನರು ‘ಸೋಮವಾರ ಬರ್ರಿ’ ಎಂದರು. ಅಕ್ಟೋಬರ್ 10. ಪಗಾರ 17,000, ಮೊದಲಿಗಿಂತ ಒಂದೂವರೆ ಸಾವಿರ ಕಡಿಮೆ. ಆರು ತಿಂಗಳಿಗೆ ನೋಡುತ್ತೇನೆ ಎಂದದ್ದನ್ನು ಪತ್ರದಲ್ಲಿ ಬರೆಸಿಕೊಂಡೆ.

ಗ್ರಾಚ್ಯುಟಿ ಒಂದು ತಿಂಗಳೊಳಗೆ ಬರಬೇಕಾದದ್ದು. ನಾನು ತಿಂಗಳಿಗೊಮ್ಮೆ ಸುಮ್ಮನೆ ಹೋಗಿ ಕೂತು ಬರುತ್ತಿದ್ದೆ. ಅರ್ಧ ದೀಪಾವಳಿಗೆ ಬಂತು, ಉಳಿದರ್ಧ ಫೆಬ್ರುವರಿಯಲ್ಲಿ, ಹೊಸ ತೊಗರಿಯ ದುಡ್ಡು ಓಡಾಡತೊಡಗಿದ ಮೇಲೆ. ಎರಡನೆಯ ಚೆಕ್ ಕೊಡುವಾಗ ಸಾವ್ಕಾರರು ಸುಸಲಾ ತರಿಸಿದರು, ಅವ್ವನ ಮೊಣಕಾಲು ನೋವು ವಿಚಾರಿಸಿದರು. ನನ್ನ ಕುರ್ಚಿಯಲ್ಲಿ ಇಪ್ಪತ್ತೆರಡರ ಒಬ್ಬ ಹುಡುಗ ಕೂತಿದ್ದ. ಅವನ ಮಾನಿಟರಿನ ಅಂಚಿಗೆ ಒಂದು ಚೀಟಿ ಅಂಟಿಸಿತ್ತು: ‘25 ಕಿಲೋತನಕ 5%. ಬಿಲ್ ಹಾಕೋ ಮುಂಚೆ ಚೀಲ ನೋಡು.’ ಅಕ್ಷರ ಸಾವ್ಕಾರರದ್ದು.